ಇಲ್ಲ ಅನ್ನಲಾಗದ ಮನಾಸ

ಮನಾಸ ಮೊದಲ ದಿನವೇ ಅವಳ ಊಟ ತಿಂದುಬಿಟ್ಟ.

ಫಿಜಿಯ ಸುವಾದ ವಿಶ್ವವಿದ್ಯಾಲಯದಲ್ಲಿ ಎಂಬಿಎ ಸಂಜೆ ತರಗತಿ ಐದೂವರೆಗೆ ಶುರು. ಆಫೀಸು ಮುಗಿಸಿ ಬಂದವರು ಇಪ್ಪತ್ತೆರಡು ಜನ. ಅರ್ಧ ಜನರ ಹೊಟ್ಟೆ ಖಾಲಿ, ಉಳಿದರ್ಧ ಜನರ ತಲೆ ಖಾಲಿ. ಒಬ್ಬೊಬ್ಬರಾಗಿ ಎದ್ದು ಪರಿಚಯ ಹೇಳಿಕೊಳ್ಳುತ್ತಿದ್ದರು.

"ನಾನು ಸೆರೆಯಿಮಾ. ಫೆರಿ ಕಂಪನೀಲಿ ಹಡಗಿನ ಟೈಮ್‌ಟೇಬಲ್ ಮಾಡ್ತೀನಿ. ಊರು ವುನಿಕುರಾ" ಎಂದು ಹೇಳಿ ಅವಳು ಕೂತಳು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದ. ಲುಂಗಿಯಂಥ ಬೂದುಬಣ್ಣದ ಸುಲು ಉಟ್ಟು ಮೇಲೆ ಇಸ್ತ್ರಿ ಶರ್ಟು ಹಾಕಿದ್ದ. ನೇರ ಅವಳ ಮೇಜಿನ ಬಳಿ ಬಂದ. ಬಿಡುವಿನಲ್ಲಿ ತಿನ್ನೋಣವೆಂದು ಅವಳು ತಂದಿದ್ದ ಆಲೂಗಡ್ಡೆ ರೋಟಿಯ ಪೊಟ್ಟಣ ಬಿಚ್ಚಿದ. ಕಚ್ಚಿದ.

ಪ್ರೊಫೆಸರ್ ಗ್ವೆನ್ ಅಡಿಲೇಡ್‌ನಿಂದ ಬಂದು ಒಂದು ವಾರವೂ ಆಗಿರಲಿಲ್ಲ. ಅವರ ಕೈಯಲ್ಲಿದ್ದ ಮಾರ್ಕರ್ ಅಲ್ಲೇ ನಿಂತಿತು.

"ಎಕ್ಸ್‌ಕ್ಯೂಸ್ ಮಿ, ಅದು ನಿಮ್ದಾ?"

"ಅಲ್ಲ ಮೇಡಂ. ಇವಳದು."

"ಅವರನ್ನ ಕೇಳಿದ್ರಾ?"

"ಯಾಕೆ ಕೇಳ್ಬೇಕು?" ಅವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಆಮೇಲೆ ಸೆರೆಯಿಮಾಳ ಕಡೆ ತಿರುಗಿ, ತುಂಬಿದ ಬಾಯಲ್ಲೇ ಹೇಳಿದ: "ನಮ್ಮೂರು ನಾಸೌಲೆವಾ. ಹೆಸರು ಮನಾಸ. ರೋಟೀಲಿ ಉಪ್ಪು ಕಮ್ಮಿ. ಸುತ್ತ ಸಮುದ್ರ ಇಟ್ಕೊಂಡು ವುನಿಕುರಾದವರಿಗೆ ಉಪ್ಪು ಸಿಗಲ್ವಾ?"

ನಾಸೌಲೆವಾ ಎಂಬ ಹೆಸರು ಕೇಳಿದ್ದೇ ಸೆರೆಯಿಮಾಳ ಸಿಟ್ಟು ಜರ್ರೆಂದು ಇಳಿಯಿತು. ಅವಳು ಎದ್ದು ಹಿಂದಿನ ಬೆಂಚಿಗೆ ಹೋದಳು. ಅವನ ಹೊಸ ಛತ್ರಿ ಎತ್ತಿಕೊಂಡು ಬಂದು ತನ್ನ ಬ್ಯಾಗಿಗೆ ತುರುಕಿದಳು.

"ನಾಸೌಲೆವಾದವರಿಗೆ ಛತ್ರಿ ಯಾಕೋ? ತಲೆ ಒಳಗೆ ಸ್ವಲ್ಪ ನೀರಾದ್ರೂ ಹೋಗ್ಲಿ. ಏನಾದ್ರೂ ಮೊಳಕೆ ಒಡೆದೀತು."

ತರಗತಿ ಘೊಳ್ಳೆಂದಿತು. ಗ್ವೆನ್ ಒಬ್ಬರೇ ನಗಲಿಲ್ಲ. ಕಳ್ಳತನದ ದೂರನ್ನು ಯಾರಿಗೆ ಕೊಡಬೇಕು, ಒಂದು ಕೊಡಬೇಕೋ ಎರಡೋ ಎಂದು ಅವರು ಯೋಚಿಸುತ್ತಿದ್ದರು.

ವಿಷಯ ಇಷ್ಟೇ. ಹಿರಿಯರು ಹೇಳುವ ಪ್ರಕಾರ ಆ ಎರಡು ಊರುಗಳ ಮೂಲದೇವರು ಒಂದೇ ಹೊಟ್ಟೆಯವರು. ಹಾಗಾಗಿ ಎರಡೂ ಊರಿನವರು ಪರಸ್ಪರ ತೌವು. ಕನ್ನಡದಲ್ಲಿ 'ತಾವು' ಎಂದರೆ ಮರ್ಯಾದೆ ಕೊಡುವುದು; ಫಿಜಿಯಲ್ಲಿ 'ತೌವು' ಎಂದರೆ ಮರ್ಯಾದೆ ತೆಗೆಯುವುದಕ್ಕೆ ಹುಟ್ಟಿನಿಂದ ಸಿಕ್ಕ ಪರವಾನಗಿ. ತೌವು ಬೈದರೆ ನೊಂದುಕೊಳ್ಳುವಂತಿಲ್ಲ. ಕೇಳದೆ ಎತ್ತಿಕೊಂಡು ಹೋದರೆ ಕಳ್ಳ ಅನ್ನುವಂತಿಲ್ಲ. ಕೇಳಿದರಂತೂ, ಇಲ್ಲ ಅನ್ನುವ ಮಾತೇ ಇಲ್ಲ.

ಒಂದೂವರೆ ವರ್ಷ ಹೀಗೇ ನಡೆಯಿತು. ಮನಾಸ ಅವಳ ಕ್ಯಾಲ್ಕ್ಯುಲೇಟರ್ ಒಯ್ದು ಪರೀಕ್ಷೆಯ ಹಿಂದಿನ ದಿನ ತಂದುಕೊಟ್ಟ. ಅವಳು ಅವನ ಚಪ್ಪಲಿ ಹಾಕಿಕೊಂಡು ಮನೆಗೆ ಹೋದಳು. ಅವನು ಬರಿಗಾಲಲ್ಲಿ ಬಸ್ ಹತ್ತಿದ. ತರಗತಿಯಲ್ಲಿ ಅವಳು ಎದ್ದು ಉತ್ತರ ಹೇಳಿದರೆ ಹಿಂದಿನಿಂದ "ತಪ್ಪು" ಎಂಬ ಪಿಸುದನಿ ಬರುತ್ತಿತ್ತು. ಉತ್ತರ ಸರಿಯಿದ್ದರೂ ಬರುತ್ತಿತ್ತು. ಅವಳು ತಿರುಗಿ ಕಣ್ಣು ಕಿರಿದು ಮಾಡಿ ನೋಡಿದರೆ, ಅವನು ಚಾವಣಿಯ ಫ್ಯಾನನ್ನು ಈಗಷ್ಟೇ ಕಂಡುಹಿಡಿದವನಂತೆ ದಿಟ್ಟಿಸುತ್ತಿದ್ದ. ಅವಳು ಮುಂದೆ ತಿರುಗಿದ ಮೇಲೆ ಅವನ ನೋಟ ಫ್ಯಾನಿನಿಂದ ಇಳಿದು ತನ್ನ ಜಡೆಯ ಮೇಲೆ ಕೂರುತ್ತದೆಂದು ಅವಳಿಗೆ ಗೊತ್ತಿತ್ತು. ಹೇಗೆ ಗೊತ್ತು ಎಂದು ಕೇಳಿದರೆ ಅವಳ ಬಳಿ ಡೇಟಾ ಇರಲಿಲ್ಲ. ಕತ್ತಿನ ಹಿಂಭಾಗ ಬೆಚ್ಚಗಾಗುತ್ತಿತ್ತು, ಅಷ್ಟೇ.

ಒಂದು ಶುಕ್ರವಾರ ತುಂಬಿದ ಬಸ್ಸಿನಲ್ಲಿ ಅವನು ಕಂಬಿ ಹಿಡಿದು ನಿಂತು ಘೋಷಿಸಿದ: "ಎಲ್ರೂ ಕೇಳಿ. ಈ ವುನಿಕುರಾದವಳನ್ನ ನಾನೇ ಮದುವೆ ಆಗ್ತೀನಿ. ಬೇರೆ ಯಾರೂ ಆಗಲ್ಲ, ಪಾಪ."

ಬಸ್ಸು ನಕ್ಕಿತು. ಡ್ರೈವರ್ ಹಾರ್ನ್ ಹೊಡೆದ. ಎಲ್ಲರಿಗಿಂತ ಜೋರಾಗಿ ಸೆರೆಯಿಮಾ ನಕ್ಕಳು. "ನಿನ್ನ ಮದುವೆ ಆಗೋ ಬದಲು ಹಡಗಿನ ಲಂಗರು ಕಟ್ಕೊಂಡು ಸಮುದ್ರಕ್ಕೆ ಬೀಳ್ತೀನಿ" ಅಂದಳು. ಬಸ್ಸು ಇನ್ನೂ ನಕ್ಕಿತು. ಮನೆಗೆ ಹೋಗಿ ಅನ್ನಕ್ಕೆ ಅಕ್ಕಿ ತೊಳೆಯಲು ನಿಂತವಳು ಅದೇ ಅಕ್ಕಿಯನ್ನು ಆರು ಸಲ ತೊಳೆದಳು.

"ಅಕ್ಕಿ ಏನು ಪಾಪ ಮಾಡಿತ್ತೇ?" ಎಂದು ಕೇಳಿದರು ಲಿತಿಯಾ ಅತ್ತೆ.

ಅತ್ತೆ ಎಂದರೆ ಅಪ್ಪನ ಅಕ್ಕ. ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಅಪ್ಪನೂ ಅವರೇ, ಸುವಾದಲ್ಲಿ ಮನೆಯೂ ಅವರದೇ.

ಮೂರನೆಯ ಸೆಮಿಸ್ಟರಿನಲ್ಲಿ ಗ್ವೆನ್ ಮೇಡಂ ಚೌಕಾಸಿ ಹೇಳಿಕೊಡಲು ಶುರುಮಾಡಿದರು. ಡಿಸಿಷನ್ ಸೈನ್ಸಿನಲ್ಲಿ ಅದಕ್ಕೆ ಉದ್ದದ ಹೆಸರಿದೆ. ಸುವಾ ಮಾರ್ಕೆಟ್ಟಿನ ಹೆಂಗಸರು ಹೆಸರಿಲ್ಲದೆಯೇ ಅದನ್ನು ಮಾಡುತ್ತಾರೆ. ಇಬ್ಬಿಬ್ಬರ ಜೋಡಿ ಮಾಡಿದರು. ಒಂದೇ ಹಡಗು, ಎರಡು ದ್ವೀಪ, ವಾರಕ್ಕೆ ಏಳು ದಿನ. ಯಾವ ದ್ವೀಪಕ್ಕೆ ಎಷ್ಟು ದಿನ ಎಂದು ಮಾತಾಡಿ ತೀರ್ಮಾನಿಸಬೇಕು. ಇಬ್ಬರಿಗೂ ಒಂದೊಂದು ಗುಟ್ಟಿನ ಚೀಟಿ: ಇಷ್ಟು ದಿನಕ್ಕಿಂತ ಕಡಿಮೆ ಸಿಕ್ಕರೆ ಎದ್ದು ಹೊರಡಿ. ಸಮಯ ಎರಡು ಗಂಟೆ.

ಮಿಕ್ಕ ಹತ್ತು ಜೋಡಿಗಳು ಗಂಟಲು ಹರಿಯುವಂತೆ ಕಿತ್ತಾಡಿದವು. ಆದಾಯ ತೆರಿಗೆ ಇಲಾಖೆಯ ಅವಿಕಾಶ್ ಮಂಗಳವಾರದ ಅರ್ಧ ದಿನಕ್ಕಾಗಿ ಟೈ ಸಡಿಲಿಸಿದ. ಸೆರೆಯಿಮಾ-ಮನಾಸರ ಮೇಜಿನಲ್ಲಿ ಮಾತುಕತೆ ಹೀಗೆ ನಡೆಯಿತು:

"ಆರು ದಿನ ನಂಗೆ."

"ತಗೋ."

"ಭಾನುವಾರ ಬೇಕಾದ್ರೆ ನೀನಿಟ್ಕೋ. ಭಾನುವಾರ ಹಡಗು ಓಡಲ್ಲ."

"ಆಯ್ತು. ಕ್ಯಾಂಟೀನಿಗೆ ಹೋಗೋಣ್ವಾ?"

ಗ್ವೆನ್ ಓಡಿ ಬಂದರು. "ಮನಾಸ, ನಿಮ್ಮ ಚೀಟೀಲಿ ಕನಿಷ್ಠ ಮೂರು ದಿನ ಅಂತ ಇತ್ತಲ್ಲ?"

"ಇತ್ತು ಮೇಡಂ."

"ಮತ್ತೆ?"

"ಕೇಳಿದಳಲ್ಲ."

"ಅವರು ಕೇಳೋದು ಅವರ ಕೆಲಸ. ಇಲ್ಲ ಅನ್ನೋದು ನಿಮ್ಮ ಕೆಲಸ!"

"ತೌವು ಕೇಳಿದ್ರೆ ಅದು ನನ್ನ ಕೆಲಸ ಅಲ್ಲ ಮೇಡಂ" ಎಂದ ಮನಾಸ, ಬಹಳ ವಿನಯದಿಂದ.

ಆ ಅಭ್ಯಾಸದಲ್ಲಿ ಅವಳಿಗೆ ತರಗತಿಯಲ್ಲೇ ಹೆಚ್ಚು ಅಂಕ, ಅವನಿಗೆ ತರಗತಿಯಲ್ಲೇ ಕಡಿಮೆ. ಅವನು ತನ್ನ ಸೊನ್ನೆಗೆ ಕಣ್ಣು ಮೂಗು ಬರೆದು, ಮೀಸೆ ಇಟ್ಟು, ಹಾಳೆಯನ್ನು ಅವಳ ಮೇಜಿನ ಮೇಲೆ ಇಟ್ಟುಹೋದ. ಎಲ್ಲರೂ ನಕ್ಕರು. ಸೆರೆಯಿಮಾ ಕೂಡ ನಕ್ಕಳು. ಆದರೆ ಆ ನಗು ಹೊರಗೆ ಬರುವಾಗ ಎಲ್ಲೋ ಗೀರಿಕೊಂಡು ಬಂತು.

ಯಾಕೆಂದರೆ ಅವಳು ಲೆಕ್ಕ ಬಲ್ಲ ಹುಡುಗಿ. ಹೆಸರಿನಲ್ಲೇ ಸೆರೆ ಇದ್ದರೂ ಇಲ್ಲಿಯವರೆಗೆ ಯಾರಿಗೂ ಸಿಕ್ಕಿಬಿದ್ದವಳಲ್ಲ. ಈಗ ಬಿದ್ದಿದ್ದಾಳೆ ಎನ್ನುವುದು ಅವಳಿಗೆ ಸ್ಪಷ್ಟವಿತ್ತು. ಮನಾಸನ ಮನಸ್ಸು ಮಾತ್ರ ಸ್ಪಷ್ಟವಿರಲಿಲ್ಲ. ಅವನು ಆರು ದಿನ ಕೊಟ್ಟದ್ದು ಸೆರೆಯಿಮಾಗೋ, ವುನಿಕುರಾಗೋ? ವುನಿಕುರಾದ ಬೇರೆ ಯಾವ ಹುಡುಗಿ ಕೇಳಿದ್ದರೂ, ಎಪ್ಪತ್ತು ವರ್ಷದ ಹಲ್ಲಿಲ್ಲದ ಅಜ್ಜಿ ಕೇಳಿದ್ದರೂ ಅವನು ಇದೇ "ತಗೋ" ಅನ್ನುತ್ತಿದ್ದ. ಮಳೆ ಬಂದರೂ ಬಿಸಿಲು ಬಂದರೂ ಒಂದೇ ಅಂಕಿ ತೋರಿಸುವ ಮಾಪಕದಿಂದ ಹವಾಮಾನ ತಿಳಿಯುವುದಿಲ್ಲ. ಇದನ್ನು ಗ್ವೆನ್ ಮೇಡಮ್ಮೇ ಎರಡನೆಯ ಸೆಮಿಸ್ಟರಿನಲ್ಲಿ ಕಲಿಸಿದ್ದರು. ಆಗ ಅದು ಬರೀ ಪಾಠವಾಗಿತ್ತು.

ಕೋರ್ಸು ಮುಗಿಯುವ ಹೊತ್ತಿಗೆ ಅಡಿಲೇಡ್‌ನಿಂದ ಸುದ್ದಿ ಬಂತು. ಡಿಸಿಷನ್ ಸೈನ್ಸಿನಲ್ಲಿ ಪಿಎಚ್‌ಡಿಗೆ ಒಂದು ಸೀಟು, ಮೂರು ವರ್ಷ, ಈ ತರಗತಿಯ ಒಬ್ಬರಿಗೆ. ಗ್ವೆನ್ ಮೂರು ಹೆಸರು ಆರಿಸಿದರು. ಮೊದಲ ಎರಡು ಸಮಸಮ: ಸೆರೆಯಿಮಾ, ಮನಾಸ. ಮೂರನೆಯದು ಅವಿಕಾಶ್. ಅವಿಕಾಶನಿಗೆ ಅವಕಾಶ ಇಲ್ಲ ಎಂಬುದು ಅವಿಕಾಶನಿಗೂ ಗೊತ್ತಿತ್ತು. ಅವನು ಅರ್ಜಿ ಹಾಕಿದ್ದು ಹೆಂಡತಿಯ ಸಮಾಧಾನಕ್ಕೆ.

ಸೆರೆಯಿಮಾಳಿಗೆ ಆ ಸೀಟು ಬೇಕಿತ್ತು. ಚಂಡಮಾರುತದ ತಿಂಗಳುಗಳಲ್ಲಿ ಹಡಗುಗಳನ್ನು ಯಾವಾಗ ಬಿಡಬೇಕು, ಯಾವಾಗ ಕಟ್ಟಿಹಾಕಬೇಕು ಎನ್ನುವುದನ್ನು ಇಂದಿಗೂ ಮ್ಯಾನೇಜರ್ ಕಿಟಕಿಯಿಂದ ಆಕಾಶ ನೋಡಿ ಹೇಳುತ್ತಿದ್ದ. ಅದಕ್ಕೊಂದು ಸರಿಯಾದ ಲೆಕ್ಕ ಹುಡುಕಬೇಕೆಂದು ಅವಳ ಆಸೆ.

ಮನಾಸನಿಗೂ ಬೇಕಿತ್ತು. ಅವನದು ಔಷಧದ ಉಗ್ರಾಣದಲ್ಲಿ ಕೆಲಸ. ಸಣ್ಣ ದ್ವೀಪಗಳ ನರ್ಸುಗಳಿಗೆ ಇಲ್ಲಿಂದ ಔಷಧ ಹೋಗಬೇಕು. ಅರ್ಧ ಔಷಧ ತಲುಪುವ ಹೊತ್ತಿಗೆ ಅವಧಿ ಮುಗಿದಿರುತ್ತಿತ್ತು. ಎಲ್ಲವನ್ನೂ ತಮಾಷೆ ಮಾಡುವ ಅವನು ಇದೊಂದನ್ನು ಮಾತ್ರ ಎಂದೂ ತಮಾಷೆ ಮಾಡಿರಲಿಲ್ಲ.

"ಇದರಲ್ಲಿ ಯೋಚಿಸೋದೇನಿದೆ?" ಎಂದರು ಲಿತಿಯಾ ಅತ್ತೆ, ಕೆಸುವಿನ ಗೆಡ್ಡೆ ಸುಲಿಯುತ್ತಾ. "ಅವನು ನಿನ್ನ ತೌವು. ಸೀಟು ಬಿಡೋ ಅಂತ ಕೇಳು. ಬಿಡ್ತಾನೆ."

"ಅದಕ್ಕೇ ಅತ್ತೆ ಕೇಳಲ್ಲ."

"ನಾನು ನಿನ್ನ ವಯಸ್ಸಿನಲ್ಲಿ ತೌವುಗಳ ಹತ್ರ ದೋಣೀನೇ ಕೇಳಿ ತಗೊಂಡಿದ್ದೆ."

"ದೋಣಿ ಬೇರೆ."

"ಹ್ಞೂಂ" ಎಂದರು ಅತ್ತೆ. ಚಾಕು ನಿಲ್ಲಿಸಿ ಅವಳ ಮುಖ ನೋಡಿದರು. "ದೋಣಿ ಬೇರೇನೇ" ಎಂದು ಮತ್ತೆ ಸುಲಿಯತೊಡಗಿದರು.

ಮರುದಿನ ಸೆರೆಯಿಮಾ ಆಫೀಸಿನಲ್ಲಿ ಹಳೆಯ ಟೈಮ್‌ಟೇಬಲ್ಲಿನ ಹಿಂಭಾಗದಲ್ಲಿ ನಾಲ್ಕು ಮನೆಯ ಚೌಕ ಬರೆದಳು. ಇಬ್ಬರೂ ಕಣದಲ್ಲಿದ್ದರೆ: ಮನಾಸ ಇಂದಲ್ಲ ನಾಳೆ ತನಗಾಗಿ ಹಿಂದೆ ಸರಿಯುತ್ತಾನೆ, ಸಂಪ್ರದಾಯ ಅಂತ; ಅದೇ ಎರಡನೆಯ ಮನೆ. ಆ ಸೀಟಿನಲ್ಲಿ ಕೂತು ಮೂರು ವರ್ಷ ಓದಲು ತನ್ನಿಂದ ಆಗುವುದಿಲ್ಲ. ತಾನೇ ಮೊದಲು ಸರಿದರೆ: ಸೀಟು ಅವನಿಗೆ. ಔಷಧ ನರ್ಸುಗಳಿಗೆ ತಲುಪುತ್ತದೆ. ತನಗೆ ಬೇಜಾರು, ಆದರೆ ಅದು ಲೆಕ್ಕಕ್ಕೆ ಸಿಗುವ ಬೇಜಾರು. ನಾಲ್ಕನೆಯ ಮನೆ, ಇಬ್ಬರೂ ಸರಿಯುವುದು. ಅಷ್ಟು ದಡ್ಡರು ಯಾರಿರುತ್ತಾರೆ ಎಂದು ಅದಕ್ಕೆ ಅಡ್ಡಗೆರೆ ಹಾಕಿದಳು. ಗುರುವಾರ ಸಂಜೆ ನಾಲ್ಕಕ್ಕೆ ಅರ್ಜಿ ಹಿಂತೆಗೆದುಕೊಂಡಳು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಮನಾಸ ಹಿಂತೆಗೆದುಕೊಂಡ.

ಮಧ್ಯಾಹ್ನ ಅವಿಕಾಶನಿಗೆ ಫೋನ್ ಹೋಯಿತು. ಅವನು "ರಾಂಗ್ ನಂಬರ್" ಎಂದು ಎರಡು ಸಲ ಇಟ್ಟನಂತೆ. ಮೂರನೆಯ ಸಲ ಅವನ ಹೆಂಡತಿ ಎತ್ತಿದಳು.

ಗ್ವೆನ್ ಇಬ್ಬರನ್ನೂ ತಮ್ಮ ಕೋಣೆಗೆ ಕರೆಸಿ ಎದುರು ಕೂರಿಸಿದರು. ಕನ್ನಡಕ ತೆಗೆದು ಒರೆಸಿದರು.

"ಇಪ್ಪತ್ತಾರು ವರ್ಷದಿಂದ ಕೈದಿಗಳ ಇಕ್ಕಟ್ಟು ಪಾಠ ಮಾಡ್ತಿದ್ದೀನಿ. ಇಬ್ರು ಕೈದಿಗಳು, ಇಬ್ರೂ ಸ್ವಾರ್ಥಿಗಳು, ಅದಕ್ಕೇ ಇಬ್ರೂ ಕೆಡ್ತಾರೆ. ನೀನು ಹೊರಗೆ ಹೋಗು, ನೀನು ಹೋಗು ಅಂತ ಒಬ್ರನ್ನೊಬ್ರು ತಳ್ಳಿ, ಮೂರನೆಯವನನ್ನ ಬಿಡುಗಡೆ ಮಾಡಿಸಿದ ಕೈದಿಗಳನ್ನ ಇವತ್ತೇ ನೋಡಿದ್ದು."

ಮನಾಸ ತಟ್ಟನೆ ಅವಳ ಕಡೆ ತಿರುಗಿದ. "ನೀನೂ ಬಿಟ್ಯಾ?"

"ನೀನೂ ಬಿಟ್ಯಾ?" ಎಂದಳು ಅವಳು. ಒಂದು ಕ್ಷಣ ಅವಳ ಎದೆ ಹಡಗಿನಂತೆ ಮೇಲೆದ್ದಿತು.

"ಕಾರಣ ಕೇಳಿದ್ರೆ ಸೆರೆಯಿಮಾ 'ವೈಯಕ್ತಿಕ' ಅಂತ ಬರೆದಿದ್ದಾರೆ" ಎಂದು ಗ್ವೆನ್ ಫೈಲು ಬಿಡಿಸಿದರು. "ಮನಾಸ ಬರೆದದ್ದು, 'ಅವಳು ನನ್ನ ತೌವು.'"

ಎದ್ದ ಹಡಗು ಹಾಗೇ ಇಳಿದು ತಳಕ್ಕೆ ತಾಗಿತು.

ಹೊರಗೆ ಬಂದ ಮೇಲೆ ಮರದ ಕೆಳಗೆ ಅವಳು ನಿಂತಳು. "ನಿಜ ಹೇಳು. ಯಾಕೆ ಬಿಟ್ಟೆ?"

ಅವನು ಬಾಯಿ ತೆರೆದ. ಅಷ್ಟರಲ್ಲಿ ತರಗತಿಯ ನಾಲ್ಕೈದು ಜನ ಬಂದು ಸುತ್ತ ನಿಂತರು. "ಏನೋ ಮನಾಸ, ಸೀಟನ್ನೂ ತೌವುಗೆ ದಾನ ಮಾಡಿದ್ಯಂತೆ!" ಅವನು ತೆರೆದ ಬಾಯಲ್ಲೇ ನಕ್ಕ. "ಏನ್ಮಾಡ್ಲಿ, ತೌವು ಅಲ್ವಾ? ಇವಳು ನಾಳೆ ಕಿಡ್ನಿ ಕೇಳಿದ್ರೂ ಕೊಡ್ಬೇಕು. ಇವಳ ಎತ್ತರಕ್ಕೆ ಎರಡು ಬೇಕಾಗಲ್ಲ, ಅದೊಂದು ಪುಣ್ಯ."

ಎಲ್ಲರೂ ನಕ್ಕರು. ಸೆರೆಯಿಮಾ ನಗಲಿಲ್ಲ. ತೌವು ಮಾತಿಗೆ ತೌವು ನಗದೆ ಇರುವುದು ಫಿಜಿಯಲ್ಲಿ ದೊಡ್ಡ ಸುದ್ದಿ. ಮಿಕ್ಕವರು ಒಬ್ಬೊಬ್ಬರಾಗಿ ವಾಚು ನೋಡಿಕೊಂಡು ಜಾಗ ಖಾಲಿ ಮಾಡಿದರು. ಅವಳೂ ಹೋದಳು.

ಎರಡು ವಾರ ಅವಳು ಅವನ ಯಾವ ವಸ್ತುವನ್ನೂ ಮುಟ್ಟಲಿಲ್ಲ. ಅವನು ಅವಳ ಮೇಜಿನಿಂದ ಪೆನ್ನು ಎತ್ತಿಕೊಂಡರೆ "ಇಟ್ಕೋ" ಎಂದಳು, ಬ್ಯಾಂಕಿನ ಕೌಂಟರಿನಲ್ಲಿ ಹೇಳಿದ ಹಾಗೆ. ಅವನು ಪೆನ್ನನ್ನು ವಾಪಸ್ ಇಟ್ಟುಹೋದ. ಹಿಂದಿನ ಬೆಂಚಿನಿಂದ "ತಪ್ಪು" ಎಂಬ ಪಿಸುದನಿ ನಿಂತಿತು. ಅವಳು ಕೊಟ್ಟ ಉತ್ತರಗಳೆಲ್ಲ ಒಂದಾದ ಮೇಲೊಂದು ಸರಿಯಾಗಿಯೇ ಇದ್ದವು, ಬೋರು ಹೊಡೆಸುವಷ್ಟು.

ಆಮೇಲೆ ಒಂದು ಗುರುವಾರ ಬೆಳಿಗ್ಗೆ ಗ್ವೆನ್ ಅವಳ ಆಫೀಸಿಗೇ ಬಂದರು. ಅಡಿಲೇಡ್‌ನಲ್ಲಿ ಔಷಧ ಸಾಗಣೆಯ ಮೇಲೆ ಕೆಲಸ ಮಾಡುವ ಬೇರೊಂದು ತಂಡ ಮನಾಸನ ಅರ್ಜಿ ಓದಿತ್ತು. ಅವರಲ್ಲಿ ಒಂದು ಜಾಗವಿತ್ತು. ಅವನಿಗೇ ಹೊಲಿಸಿದಂತಿತ್ತು, ಬೇರೆಯವರಿಗೆ ಹೊಂದುವಂತಿರಲಿಲ್ಲ.

"ಒಳ್ಳೇದಾಯ್ತಲ್ಲ ಮೇಡಂ."

"ಏನು ಒಳ್ಳೇದು? ಹೋಗಲ್ಲ ಅಂತಾನೆ. ಕಾರಣ ಹೇಳಲ್ಲ. ಇವತ್ತು ಐದು ಗಂಟೆ ಒಳಗೆ ಒಪ್ಕೋಬೇಕು." ಅವರು ಕುರ್ಚಿ ಮುಂದೆ ಎಳೆದುಕೊಂಡರು. "ನಾನು ಇಲ್ಲಿಗೆ ಬಂದು ಒಂದೂವರೆ ವರ್ಷ ದಾಟ್ತು. ನಿಮ್ಮ ನಿಯಮ ಈಗ ನಂಗೂ ಗೊತ್ತು. ನೀವು ಕೇಳಿದ್ರೆ ಅವನು ಇಲ್ಲ ಅನ್ನೋ ಹಾಗಿಲ್ಲ. ಅಲ್ವಾ?"

"ಹೌದು" ಎಂದಳು ಸೆರೆಯಿಮಾ.

"ಹಾಗಾದ್ರೆ ಕೇಳಿ."

ಈ ಸಲ ಚೌಕ ಬರೆಯುವ ಅಗತ್ಯ ಇರಲಿಲ್ಲ. ಕೇಳಿದರೆ ಹೋಗುತ್ತಾನೆ. ಮೂರು ವರ್ಷ ಕಣ್ಣಿಗೆ ಬೀಳುವುದಿಲ್ಲ. ಹೋದದ್ದು ಅವಳ ಮಾತಿಗೋ ಊರಿನ ಮಾತಿಗೋ ಎನ್ನುವುದು ಕೊನೆಯವರೆಗೂ ತಿಳಿಯುವುದಿಲ್ಲ. ಕೇಳದಿದ್ದರೆ ಇಲ್ಲೇ ಇರುತ್ತಾನೆ, ಪ್ರತಿದಿನ ಕಣ್ಣಿಗೆ ಬೀಳುತ್ತಾನೆ, ಅವಧಿ ಮುಗಿದ ಔಷಧದ ಪೆಟ್ಟಿಗೆಗಳನ್ನು ಎಣಿಸುತ್ತಾ. ಅವಳು ಬ್ಯಾಗ್ ಎತ್ತಿಕೊಂಡಳು.

ಉಗ್ರಾಣದಲ್ಲಿ ಊಟದ ಬಿಡುವು. ಮನಾಸ ಸಲೈನಿನ ಪೆಟ್ಟಿಗೆಯೊಂದರ ಮೇಲೆ ಕೂತು, ಬೇಯಿಸಿದ ಮರಗೆಣಸನ್ನು ಡಬ್ಬಿ ಮೀನಿನ ಜೊತೆ ತಿನ್ನುತ್ತಿದ್ದ. ಅವಳನ್ನು ಕಂಡು ಅವನ ಮುಖ ಅರಳಿತು. ತಕ್ಷಣ, ಅರಳಲು ಅನುಮತಿ ಇದೆಯೋ ಇಲ್ಲವೋ ಎಂಬಂತೆ ಅರ್ಧಕ್ಕೆ ನಿಂತಿತು.

"ಎದ್ದು ನಿಂತ್ಕೋ ಮನಾಸ. ತೌವು ಆಗಿ ಒಂದು ಕೇಳೋಕೆ ಬಂದಿದ್ದೀನಿ."

"ಮರಗೆಣಸಾ? ತಗೋ. ಮೀನೂ ತಗೋ."

"ಅಡಿಲೇಡ್‌ಗೆ ಹೋಗು."

ಅವನು ತಟ್ಟೆಯನ್ನು ಪಕ್ಕದ ಪೆಟ್ಟಿಗೆಯ ಮೇಲೆ ಇಟ್ಟ. ಬಾಯಲ್ಲಿದ್ದದ್ದನ್ನು ನುಂಗಿದ. ಕೈ ಒರೆಸಿಕೊಂಡ. ಎದ್ದು ನಿಂತ.

"ಇಲ್ಲ" ಎಂದ.

ಸೆರೆಯಿಮಾ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎಂದು ನೋಡಿದಳು. "ಏನಂದೆ?"

"ಇಲ್ಲ ಅಂದೆ."

"ಹಾಗನ್ನೋ ಹಾಗಿಲ್ಲ."

"ಗೊತ್ತು."

"ತಲೆಮಾರುಗಳಿಂದ ಯಾರೂ ಅಂದಿಲ್ಲ ಕಣೋ! ನಿಮ್ಮೂರಲ್ಲಿ ಗೊತ್ತಾದ್ರೆ ನಿನ್ನ ಒಳಗೆ ಸೇರಿಸಲ್ಲ. ನೀನು ನನ್ನ ತೌವು."

"ಒಂದೂವರೆ ವರ್ಷದಿಂದ ಅದೇ ನನ್ನ ತಲೆನೋವು" ಎಂದ ಮನಾಸ. ಅವನ ದನಿಯಲ್ಲಿ ತಮಾಷೆ ಇರಲಿಲ್ಲ. ತಮಾಷೆಯಿಲ್ಲದ ಅವನ ದನಿ ಹೇಗಿರುತ್ತದೆಂದು ಅವಳು ಮೊದಲ ಸಲ ಕೇಳಿದಳು. ಸ್ವಲ್ಪ ಒರಟು, ಸ್ವಲ್ಪ ನಡುಕ. "ನಾನು ನಿನ್ನ ಹಿಂದೆ ಬಂದ್ರೆ ಜನ ನಗ್ತಾರೆ. ನಿಂಗೆ ಏನಾದ್ರೂ ಕೊಟ್ರೆ, ತೌವು ಅಲ್ವಾ ಅಂತಾರೆ. ಬಸ್ಸಲ್ಲಿ ನಿಂತು ಮದುವೆ ಆಗ್ತೀನಿ ಅಂದೆ. ಆ ಮಾತು ಹೇಳೋಕೆ ಮೂರು ವಾರ ಧೈರ್ಯ ಕೂಡಿಸಿದ್ದೆ. ಡ್ರೈವರ್ ಹಾರ್ನ್ ಹೊಡೆದ. ನೀನು ಲಂಗರು ಕಟ್ಕೋತೀನಿ ಅಂದೆ."

"ಅದು... ನೀನು 'ಪಾಪ' ಅಂದೆಯಲ್ಲ!"

"ಕೊನೇ ಗಳಿಗೇಲಿ ಧೈರ್ಯ ಕೈಕೊಡ್ತು."

ಹೊರಗೆ ಯಾರೋ ಲಾರಿ ಹಿಂದಕ್ಕೆ ತೆಗೆಯುತ್ತಿದ್ದರು. ಆ ಸದ್ದು ನಿಂತ ಮೇಲೆ ಸೆರೆಯಿಮಾ ಕೇಳಿದಳು:

"ಮತ್ತೆ ಸೀಟು ಬಿಟ್ಟಾಗ 'ಅವಳು ನನ್ನ ತೌವು' ಅಂತ ಯಾಕೆ ಬರ್ದೆ?"

"ಫಾರ್ಮಲ್ಲಿ ಕಾರಣಕ್ಕೆ ಒಂದೇ ಸಾಲು ಜಾಗ ಇತ್ತು. ನಿಜ ಬರೆಯೋಕೆ ಇನ್ನೊಂದು ಹಾಳೆ ಬೇಕಿತ್ತು. ಓದೋರು ಗ್ವೆನ್ ಮೇಡಂ ಬೇರೆ."

ಅವಳಿಗೆ ನಗು ಬಂತು. ತಡೆದುಕೊಂಡಳು. ಇನ್ನೂ ಒಂದು ಪ್ರಶ್ನೆ ಬಾಕಿ ಇತ್ತು, ಅದು ಮುಖ್ಯದ್ದು.

"ಈಗ ಯಾಕೆ ಇಲ್ಲ?"

"ನೀನು ಕೇಳಿದ್ದಕ್ಕೆ ಹೋದ್ರೆ ತೌವು ಆಗಿ ಹೋದ ಹಾಗೆ. ತೌವು ಆಗಿ ಹೋದವನು ತೌವು ಆಗೇ ವಾಪಸ್ ಬರ್ತಾನೆ. ಅಷ್ಟೊತ್ತಿಗೆ ನಿಂಗೆ ಮದುವೆ ಆಗಿರುತ್ತೆ. ನಾನು ನಿಮ್ಮನೆಗೆ ಬಂದು ನಿನ್ನ ಗಂಡನ ತಟ್ಟೆಯಿಂದ ಮೀನು ಎತ್ತಿ ತಿಂದು ಎಲ್ರನ್ನೂ ನಗಿಸಿ ಹೋಗೋ ಆಸಾಮಿ ಆಗಿರ್ತೀನಿ." ಅವನು ತಲೆಯಾಡಿಸಿದ. "ಊರು ಏನಾದ್ರೂ ಅನ್ಲಿ. ಅದೊಂದು ಆಗಲ್ಲ ಸೆರೆಯಿಮಾ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಎದುರಿನ ಪೆಟ್ಟಿಗೆಯ ಮೇಲೆ ಕೂತಳು. ಒಂದೂವರೆ ವರ್ಷ ಕೇಳಿದ ಎಲ್ಲ "ತಗೋ"ಗಳಿಂದ ಸಿಗದ ಮಾಹಿತಿ ಈ ಒಂದು "ಇಲ್ಲ"ದಿಂದ ಸಿಕ್ಕಿಬಿಟ್ಟಿತ್ತು. ಅವಳು ಅದನ್ನು ಒಳಗೊಳಗೇ ಎರಡು ಸಲ ಹೇಳಿಕೊಂಡಳು. ಇಷ್ಟು ಚಂದದ ನಕಾರ ಅವಳ ಟೈಮ್‌ಟೇಬಲ್ ಆಫೀಸಿನಲ್ಲಿ ಯಾರ ಬಾಯಿಂದಲೂ ಬಂದಿರಲಿಲ್ಲ.

"ಸರಿ" ಎಂದಳು, ಆದಷ್ಟು ಆಫೀಸಿನ ದನಿಯಲ್ಲಿ. "ತೌವು ಕೇಳಿದ್ದನ್ನ ವಾಪಸ್ ತಗೊಂಡೆ. ಈಗ ಸೆರೆಯಿಮಾ ಕೇಳ್ತಾಳೆ. ಔಷಧದ ಕೆಲಸ ನಿನ್ನ ಬಿಟ್ಟು ಬೇರೆಯವರು ಮಾಡಲ್ಲ. ಹೋಗ್ತೀಯಾ?"

"ಅವಳಿಗೆ ಇಲ್ಲ ಅನ್ನಬಹುದಾ?"

"ಎಷ್ಟು ಬೇಕಾದ್ರೂ ಅನ್ನು."

"ಹಾಗಾದ್ರೆ ಮಾತಾಡೋಣ" ಎಂದ ಮನಾಸ. ಪೆಟ್ಟಿಗೆಯನ್ನು ಎಳೆದುಕೊಂಡು ಅವಳ ಎದುರು ಕೂತ. ಮೊಣಕಾಲಿಗೆ ಮೊಣಕಾಲು ತಾಗಲು ನಾಲ್ಕು ಬೆರಳು ಬಾಕಿ.

ಆಮೇಲೆ ನಡೆದ ಚೌಕಾಸಿಯನ್ನು ಗ್ವೆನ್ ಮೇಡಂ ನೋಡಬೇಕಿತ್ತು. ಅವನು ವರ್ಷಕ್ಕೆ ಎರಡು ಸಲ ಬರುತ್ತೇನೆಂದ; ಅವಳು ಓದು ಕೆಡುತ್ತದೆ, ಕ್ರಿಸ್‌ಮಸ್‌ಗೆ ಮಾತ್ರ ಎಂದಳು; ಅವನು ಒಪ್ಪಲಿಲ್ಲ. ಅವಳು ಮುಂದಿನ ವರ್ಷ ತಾನೂ ಅಲ್ಲಿಗೆ ಅರ್ಜಿ ಹಾಕುತ್ತೇನೆಂದಳು. ಅವನು ಹಾಕಬೇಕು ಎಂದು ಪಟ್ಟು ಹಿಡಿದ. ಈ ಸಲ ಯಾರೂ ಯಾರಿಗಾಗಿಯೂ ಹಿಂದೆ ಸರಿಯುವಂತಿಲ್ಲ ಎಂದು ಅವಳು ಸೇರಿಸಿದಳು. ದಿನಾ ಫೋನ್ ಮಾಡಬೇಕೆಂದ. ದಿನಾ ಬೇಡ ಎಂದಳು. ಬೇಕು ಎಂದ. ಅವನು ಇಷ್ಟು ಹಟಮಾರಿ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಒಂದು ಇಂಚು ಬಿಡುತ್ತಿರಲಿಲ್ಲ. ಆ ಪ್ರತಿಯೊಂದು "ಆಗಲ್ಲ"ಕ್ಕೂ ಅವಳ ಕೆನ್ನೆ ಇನ್ನಷ್ಟು ಕೆಂಪಾಗುತ್ತಿತ್ತು. ಅದನ್ನು ಅವನು ಕದ್ದು ನೋಡಲಿಲ್ಲ, ನೇರವಾಗಿಯೇ ನೋಡಿದ. ಅಲ್ಲಿ ದಿಟ್ಟಿಸಲು ಫ್ಯಾನೂ ಇರಲಿಲ್ಲ.

ಬಿಡುವು ಮುಗಿದ ಗಂಟೆ ಹೊಡೆದು ಅರ್ಧ ತಾಸಾಗಿತ್ತು.

"ಕೊನೇದು" ಎಂದ ಮನಾಸ. ಈಗ ಅವನ ದನಿ ಮತ್ತೆ ಒರಟಾಯಿತು. "ಹೋಗೋಕೆ ಮುಂಚೆ ಅಪ್ಪನ್ನ ಕರ್ಕೊಂಡು ನಿಮ್ಮ ಅತ್ತೆ ಹತ್ರ ಬರ್ತೀನಿ. ಕಾಣಿಕೆಗೆ ತಿಮಿಂಗಿಲದ ಹಲ್ಲು ಹಿಡ್ಕೊಂಡು, ಕ್ರಮವಾಗಿ ಕೂತು, ಹುಡುಗಿ ಕೇಳೋಕೆ. ಈ ಭಾನುವಾರ." ಒಂದು ಉಸಿರು ತೆಗೆದುಕೊಂಡ. "ತೌವು ಆಗಿ ಅಲ್ಲ. ಅದಕ್ಕೇ ನೀನೂ ಬೇಡ ಅನ್ನಬಹುದು."

ಸೆರೆಯಿಮಾ ಯೋಚಿಸಿದಳು. ಬೇಡ ಅನ್ನಬಹುದಾದ ಜಾಗದಲ್ಲಿ ನಿಂತು ಯೋಚಿಸುವುದು ಇಷ್ಟು ಸುಖವಾಗಿರುತ್ತದೆಂದು ಯಾವ ಪಠ್ಯದಲ್ಲೂ ಬರೆದಿರಲಿಲ್ಲ. ಅವನು ಹಣೆಯ ಬೆವರು ಒರೆಸಿಕೊಂಡ. ಅವಳು ಇನ್ನೂ ಸ್ವಲ್ಪ ಯೋಚಿಸಿದಳು.

"ಭಾನುವಾರ ಬೇಡ" ಎಂದಳು.

ಅವನ ಮುಖದಿಂದ ರಕ್ತ ಇಳಿದುಹೋಯಿತು.

"ಭಾನುವಾರ ಅತ್ತೆ ಇಡೀ ದಿನ ಚರ್ಚಲ್ಲಿ ಹಾಡ್ತಾರೆ" ಎಂದಳು ಸೆರೆಯಿಮಾ. "ಶನಿವಾರ ಬನ್ನಿ. ಬೆಳಿಗ್ಗೆನೇ."